ಮೊಣಕಾಲು ಬಿಜಾಗರಿಯಲ್ಲ

ಮಕ್ಕಳೇ, ಓದಲು ತೊಡಗುವ ಮೊದಲು ಒಂದು ಸಣ್ಣ ಕೆಲಸ. ಬೆಂಚಿನ ಮೇಲೆ ಕೂತು, ಬಲಗಾಲನ್ನು ಮಡಿಸಿ, ಪಾದ ನೆಲಕ್ಕೆ ಹಗುರಾಗಿ ತಾಗುವಂತೆ ಇಡಿ. ಮೊಣಕಾಲಿನ ಚಿಪ್ಪಿನಿಂದ ಸ್ವಲ್ಪ ಕೆಳಗೆ, ಮೂಳೆಯ ಮೇಲೆ ಒಂದು ಸಣ್ಣ ಉಬ್ಬು ಇದೆ. ಅದರ ಮೇಲೆ ಒಂದು ಬೆರಳು ಇಟ್ಟುಕೊಳ್ಳಿ. ಇನ್ನೊಂದು ಕೈಯಿಂದ ತೊಡೆಯನ್ನು ಅಲ್ಲಾಡದಂತೆ ಒತ್ತಿ ಹಿಡಿದು, ಪಾದದ ತುದಿಯನ್ನು ಒಮ್ಮೆ ಒಳಕ್ಕೆ, ಒಮ್ಮೆ ಹೊರಕ್ಕೆ ತಿರುಗಿಸಿ. ಬೆರಳಿನ ಅಡಿಯ ಉಬ್ಬು ಆಚೆ ಈಚೆ ಸರಿಯುತ್ತದೆ ಅಲ್ವಾ? ತೊಡೆ ಮಾತ್ರ ಇದ್ದಲ್ಲೇ ಇದೆ. ಈಗ ಕಾಲನ್ನು ಪೂರ್ತಿ ಮುಂದಕ್ಕೆ ಚಾಚಿ ಅದನ್ನೇ ಮಾಡಿ ನೋಡಿ. ತಿರುಗಿಸಲು ಹೋದರೆ ಸೊಂಟದಿಂದಲೇ ಇಡೀ ಕಾಲು ತಿರುಗುತ್ತದೆ. ಮೊಣಕಾಲು ಬೀಗ ಹಾಕಿದ ಹಾಗೆ ಬಿಗಿಯಾಗಿದೆ.

ಇನ್ನು ಎದ್ದು ಹೋಗಿ ಕ್ಲಾಸಿನ ಬಾಗಿಲು ನೋಡಿ. ಅರ್ಧ ತೆರೆದ ಬಾಗಿಲನ್ನು ಹೀಗೆ ತಿರುಚಲು ಆಗುತ್ತದಾ? ಆಗುವುದಿಲ್ಲ. ತಿರುಚಿದರೆ ಬಿಜಾಗರಿಯ ಸ್ಕ್ರೂ ಕಿತ್ತು ಬರುತ್ತದೆ.

ಆದರೆ ಕೀಲುಗಳ ಪಾಠದಲ್ಲಿ ನಾವೆಲ್ಲ ಏನು ಕಲಿತೆವು? ಸೊಂಟ, ಭುಜದ್ದು ಗೋಲ-ಗುಳಿ ಕೀಲು. ಮೊಣಕೈ, ಮೊಣಕಾಲಿನದ್ದು ಬಿಜಾಗರಿ ಕೀಲು. ನಾನೂ ಹತ್ತು ವರ್ಷ ಹಾಗೆಯೇ ಹೇಳಿಕೊಟ್ಟಿದ್ದೇನೆ, ಬಾಗಿಲನ್ನು ತೆರೆದು ಮುಚ್ಚಿ ತೋರಿಸಿದ್ದೂ ಇದೆ. ಪಾಠಪುಸ್ತಕವನ್ನು ದೂರುವುದಕ್ಕಲ್ಲ ಈ ಮಾತು. ಮೊದಲ ಪರಿಚಯಕ್ಕೆ ಅಷ್ಟು ಸಾಕು. ಆದರೆ ಅಷ್ಟನ್ನೇ ನಂಬಿಕೊಂಡು ಲೋಹದ ಮೊಣಕಾಲು ಮಾಡಲು ಹೊರಟವರಿಗೆ ಏನಾಯಿತು ಎನ್ನುವುದು ಈ ಸಲದ ಪಾಠ.

ನನಗೆ ಇದರಲ್ಲಿ ಆಸಕ್ತಿ ಹುಟ್ಟಿದ್ದು ಅಮ್ಮನಿಂದ. ನಮ್ಮದು ಕಾಸರಗೋಡಿನ ಕಡೆಯ ಗುಡ್ಡದ ಊರು. ಮನೆ ಮೇಲೆ, ಅಡಿಕೆ ತೋಟ ಕೆಳಗೆ, ನಡುವೆ ಮುರಕಲ್ಲಿನ ಮೆಟ್ಟಿಲು. ಅಮ್ಮನ ಎರಡೂ ಕಾಲು ವರ್ಷದಿಂದ ವರ್ಷಕ್ಕೆ ಬಿಲ್ಲಿನಂತೆ ಬಾಗುತ್ತಾ ಬಂದವು. "ಹತ್ತುವಾಗ ಅಡ್ಡಿಯಿಲ್ಲ ಮಗಾ, ಇಳಿಯುವಾಗ ಜೀವ ಹೋಗ್ತದೆ" ಅನ್ನುತ್ತಿದ್ದರು. ನಾನು ಅದನ್ನು ನಂಬಿರಲಿಲ್ಲ. ಗುರುತ್ವಾಕರ್ಷಣೆಯ ವಿರುದ್ಧ ಕೆಲಸ ಮಾಡುವುದು ಹತ್ತುವಾಗ ತಾನೇ, ಇಳಿಯುವಾಗ ಕಷ್ಟ ಯಾಕೆ ಎಂದು ವಾದವನ್ನೂ ಮಾಡಿದ್ದೆ. ಕೊನೆಗೆ ಮಂಗಳೂರಿನಲ್ಲಿ ಡಾಕ್ಟರು ಎಕ್ಸ್‌ರೇ ನೋಡಿ, ಒಳಬದಿಯ ಮೃದ್ವಸ್ಥಿ ಪೂರ್ತಿ ಸವೆದು ಮೂಳೆಗೆ ಮೂಳೆ ತಾಗುತ್ತಿದೆ, ಬಲ ಮೊಣಕಾಲು ಬದಲಿಸುವುದು ಒಳ್ಳೆಯದು ಅಂದರು. ಮೇಜಿನ ಮೇಲಿದ್ದ ಮಾದರಿಯನ್ನು ಅಮ್ಮನ ಕೈಗೆ ಕೊಟ್ಟರು. ಹೊಳೆಯುವ ಲೋಹದ ಒಂದು ತುಂಡು, ಬಿಳಿ ಪ್ಲಾಸ್ಟಿಕ್ಕಿನ ತಟ್ಟೆ, ಅದರಡಿಗೆ ಇನ್ನೊಂದು ಲೋಹ. ಅಮ್ಮ ಅದನ್ನು ಎರಡು ಮೂರು ಸಲ ಮಡಿಸಿ ನೋಡಿ ಕೇಳಿದ್ದು ಒಂದೇ ಪ್ರಶ್ನೆ: "ಇದನ್ನು ಹಾಕಿದ ಮೇಲೆ ಮಣೆಯಲ್ಲಿ ಕೂತು ಅಡಿಕೆ ಸುಲಿಯಲಿಕ್ಕೆ ಆಗ್ತದಾ?"

ಡಾಕ್ಟರು, "ನೋವು ಹೋಗ್ತದೆ, ನಡೀಬಹುದು, ಮೆಟ್ಟಿಲು ಹತ್ತಿ ಇಳೀಬಹುದು. 110 ಡಿಗ್ರಿಯವರೆಗೆ ಮಡಚಬಹುದು. ನೆಲದಲ್ಲಿ ಕೂರುವುದು ಬೇಡ" ಅಂದರು. ಯಾಕೆ ಬೇಡ ಎನ್ನುವುದನ್ನು ಹೇಳುವಷ್ಟು ಸಮಯ ಅವರಿಗೆ ಇರಲಿಲ್ಲ, ಹೊರಗೆ ಕ್ಯೂ ಇತ್ತು. ಆ 'ಯಾಕೆ'ಯನ್ನು ಹುಡುಕಿಕೊಂಡು ಹೋದಾಗ ಸಿಕ್ಕಿದ್ದನ್ನು ನಿಮ್ಮೆದುರು ಇಡುತ್ತಿದ್ದೇನೆ.

ಮೊದಲು ಭಾರದ ಲೆಕ್ಕ

60 ಕಿಲೋ ತೂಕದ ಒಬ್ಬರು ಅರ್ಧ ಕುಕ್ಕರಗಾಲಿನಲ್ಲಿ ನಿಂತಿದ್ದಾರೆ ಎನ್ನಿ. ಅವರ ತೂಕ ಸುಮಾರು 600 ನ್ಯೂಟನ್. ಎರಡು ಪಾದಗಳಿಗೆ ಹಂಚಿದರೆ ಒಂದೊಂದಕ್ಕೆ 300. ನೆಲ ಪ್ರತಿ ಪಾದವನ್ನು 300 ನ್ಯೂಟನ್ ಬಲದಿಂದ ಮೇಲಕ್ಕೆ ತಳ್ಳುತ್ತದೆ. ಈ ಬಲದ ರೇಖೆ ಮೊಣಕಾಲಿನ ಹಿಂದಿನಿಂದ ಹಾದುಹೋಗುತ್ತದೆ, ಮೊಣಕಾಲಿನ ಕೇಂದ್ರದಿಂದ ಅದಕ್ಕೆ 20 ಸೆಂಟಿಮೀಟರ್ ದೂರ ಎಂದು ಇಟ್ಟುಕೊಳ್ಳೋಣ. ಹಾಗಾದರೆ ಮೊಣಕಾಲನ್ನು ಇನ್ನೂ ಮಡಿಸಲು ನೋಡುವ ಭ್ರಾಮಕ 300 × 0.2 = 60 ನ್ಯೂಟನ್ ಮೀಟರ್. ಮನುಷ್ಯ ಕುಸಿದು ಬೀಳಬಾರದು ಎಂದಾದರೆ ತೊಡೆಯ ಮುಂದಿನ ಸ್ನಾಯು ಇಷ್ಟೇ ಭ್ರಾಮಕವನ್ನು ಎದುರು ದಿಕ್ಕಿನಲ್ಲಿ ಕೊಡಬೇಕು. ಆ ಸ್ನಾಯು ಎಳೆಯುವುದು ಚಿಪ್ಪಿನ ಕೆಳಗಿನ ರಜ್ಜುವಿನ ಮೂಲಕ, ನೀವು ಆಗ ಬೆರಳಿಟ್ಟ ಉಬ್ಬಿಗೆ. ಅದರ ಸನ್ನೆತೋಳು ಬರೇ 4 ಸೆಂಟಿಮೀಟರ್ ಆಸುಪಾಸು. 60 ಅನ್ನು 0.04 ರಿಂದ ಭಾಗಿಸಿ. 1500 ನ್ಯೂಟನ್! ಎಂದರೆ 150 ಕಿಲೋ ತೂಗುವ ವಸ್ತುವನ್ನು ಎತ್ತುವಷ್ಟು ಬಲ, ಅದೂ ಒಂದೇ ಕಾಲಿನಲ್ಲಿ.

ಈ ಎಳೆತವೂ ಕೀಲನ್ನು ಅದುಮುತ್ತದೆ, ನೆಲದ ತಳ್ಳುವಿಕೆಯೂ ಅದುಮುತ್ತದೆ. ಎರಡನ್ನೂ ಕೂಡಿಸಿದರೆ 1800 ನ್ಯೂಟನ್, ದೇಹತೂಕದ ಮೂರು ಪಟ್ಟು. ಮೂಳೆಯ ಕೀಲಿನ ಮೇಲೆ ಬೀಳುವ ಭಾರದ ಬಹುಪಾಲು ನಮ್ಮ ತೂಕದಿಂದ ಬರುವುದಲ್ಲ, ನಮ್ಮ ಸ್ನಾಯುವಿನ ಎಳೆತದಿಂದಲೇ ಬರುವುದು ಎನ್ನುವುದನ್ನು ಇಲ್ಲಿ ಗಮನಿಸಿ.

ಇದು ಕಾಗದದ ಲೆಕ್ಕ. ನಿಜವಾಗಿ ಅಳೆಯಲು ಆಗುತ್ತದಾ? ಜರ್ಮನಿಯ ಬರ್ಲಿನ್‌ನಲ್ಲಿ ಅಳೆದರು. ಕೃತಕ ಮೊಣಕಾಲಿನ ಕೆಳಭಾಗದೊಳಗೇ ಬಲ ಅಳೆಯುವ ಪುಟ್ಟ ಸಂವೇದಕಗಳನ್ನೂ ರೇಡಿಯೋ ಪ್ರೇಷಕವನ್ನೂ ಇಟ್ಟು, ಐದು ಜನ ರೋಗಿಗಳಿಗೆ ಅಳವಡಿಸಿದರು. ಒಳಗೆ ಬ್ಯಾಟರಿ ಇಲ್ಲ. ಕಾಲಿನ ಸುತ್ತ ಹೊರಗಿನಿಂದ ಒಂದು ಸುರುಳಿ ಕಟ್ಟಿ ವಿದ್ಯುತ್‌ಕಾಂತೀಯ ಪ್ರೇರಣೆಯಿಂದ ಶಕ್ತಿ ಕೊಡುತ್ತಾರೆ. ಹತ್ತನೇ ಕ್ಲಾಸಿನವರಿಗೆ ಇದು ಗೊತ್ತಿರುವ ವಿಷಯವೇ. 2010ರಲ್ಲಿ ಪ್ರಕಟವಾದ ಅವರ ಸರಾಸರಿ ಅಂಕಿಗಳು ಹೀಗಿವೆ: ಎರಡೂ ಕಾಲಲ್ಲಿ ಸುಮ್ಮನೆ ನಿಂತರೆ ಒಂದು ಮೊಣಕಾಲಿನ ಮೇಲೆ ದೇಹತೂಕದ 107 ಶೇಕಡ, ಸಮನೆಲದಲ್ಲಿ ನಡೆದರೆ 261, ಮೊಣಕಾಲು ಬಗ್ಗಿಸಿದರೆ 253, ಮೆಟ್ಟಿಲು ಹತ್ತುವಾಗ 316, ಇಳಿಯುವಾಗ 346.

ಕೊನೆಯ ಎರಡು ಸಂಖ್ಯೆಗಳನ್ನು ಮತ್ತೊಮ್ಮೆ ನೋಡಿ. ಇಳಿಯುವಾಗಲೇ ಹೆಚ್ಚು. ಹತ್ತುವಾಗ ಶಕ್ತಿ ಹೆಚ್ಚು ಖರ್ಚಾಗುತ್ತದೆ, ಏದುಸಿರು ಬರುತ್ತದೆ, ಅದು ಬೇರೆ ವಿಷಯ. ಇಳಿಯುವಾಗ ಒಂದೇ ಮಡಿಸಿದ ಕಾಲು ಇಡೀ ದೇಹ ಬೀಳದ ಹಾಗೆ ಹಿಡಿದು ಮೆಲ್ಲಗೆ ಕೆಳಗಿಳಿಸಬೇಕು. ನಾನು ಕೆಲಸ ಮತ್ತು ಬಲ ಎರಡನ್ನೂ ಬೆರೆಸಿ ವಾದ ಮಾಡಿದ್ದೆ. ವಿಜ್ಞಾನ ಓದಿದ್ದು ನಾನು, ಸರಿಯಾಗಿ ಹೇಳಿದ್ದು ಅಮ್ಮ.

ಇನ್ನೊಂದು. ನಮ್ಮ ಲೆಕ್ಕ ಮೂರು ಪಟ್ಟು ಅಂದಿತು, ಬರ್ಲಿನ್‌ನ ಅಳತೆ ಎರಡೂವರೆ ಪಟ್ಟು. ವ್ಯತ್ಯಾಸ ಎಲ್ಲಿಂದ ಬಂತು? ಎರಡು ಬಲಗಳೂ ಒಂದೇ ದಿಕ್ಕಿನಲ್ಲಿಲ್ಲ, ನಾವು ಸುಮ್ಮನೆ ಕೂಡಿಸಿಬಿಟ್ಟೆವು. ಜೊತೆಗೆ ಮನುಷ್ಯರು ಬಗ್ಗುವಾಗ ಮೈಯನ್ನು ಮುಂದಕ್ಕೆ ವಾಲಿಸುತ್ತಾರೆ, ಆಗ ಆ 20 ಸೆಂಟಿಮೀಟರ್ ಕಡಿಮೆಯಾಗುತ್ತದೆ. ಮಣೆಯಿಂದ ಏಳುವ ಅಜ್ಜಿಯಂದಿರು ಮೊದಲು ಮುಂದಕ್ಕೆ ಬಾಗಿ, ಕೈಯನ್ನು ನೆಲಕ್ಕೋ ತೊಡೆಗೋ ಊರಿ ಏಳುವುದು ಯಾಕೆ ಎಂದು ಈಗ ನೀವೇ ಹೇಳಬಲ್ಲಿರಿ.

ಮೊಣಕಾಲಿನ ಚಿಪ್ಪು ಏನು ಮಾಡುತ್ತದೆ ಎನ್ನುವುದೂ ಇದೇ ಲೆಕ್ಕದಲ್ಲಿದೆ. ಅದು ರಜ್ಜುವನ್ನು ಕೇಂದ್ರದಿಂದ ಮುಂದಕ್ಕೆ ತಳ್ಳಿ ಹಿಡಿದು ಸನ್ನೆತೋಳನ್ನು ಉದ್ದ ಮಾಡುತ್ತದೆ. 4 ಸೆಂಟಿಮೀಟರ್ ಇದ್ದದ್ದು 3 ಆದರೆ 1500 ಬದಲು 2000 ನ್ಯೂಟನ್ ಎಳೆಯಬೇಕಾಗುತ್ತದೆ. ಹಾಗಾಗಿ ಕೃತಕ ಮೊಣಕಾಲಿನ ಮೇಲಿನ ಲೋಹದಲ್ಲಿ ಮುಂದುಗಡೆ ಚಿಪ್ಪು ಓಡಾಡಲು ಒಂದು ತೋಡು ಇರುತ್ತದೆ. ಅದರ ಆಳವೂ ಮುಖ್ಯ.

ಉರುಳುವುದು, ಜಾರುವುದು

ಕಾಂತೀಯ ಅಭಿವಾಹದ ಏಕಮಾನ ಯಾವುದು? ವೇಬರ್. ಆ ಹೆಸರಿನ ಭೌತವಿಜ್ಞಾನಿ ವಿಲ್ಹೆಲ್ಮ್ ವೇಬರ್ ತನ್ನ ತಮ್ಮ ಎಡ್ವರ್ಡ್ ಜೊತೆ ಸೇರಿ 1836ರಲ್ಲಿ ಮನುಷ್ಯರ ನಡಿಗೆಯ ಯಂತ್ರವಿಜ್ಞಾನದ ಬಗ್ಗೆ ಒಂದು ಪುಸ್ತಕ ಬರೆದ. ಮೊಣಕಾಲು ಮಡಚುವಾಗ ತೊಡೆಮೂಳೆಯ ತುದಿ ಕೆಳಗಿನ ಟಿಬಿಯಾ ಮೂಳೆಯ ಮೇಲೆ ಉರುಳುತ್ತದೆ, ಜೊತೆಗೇ ಜಾರುತ್ತದೆ ಎಂದು ಅವರು ಆಗಲೇ ಹೇಳಿದ್ದರು.

ಎರಡೂ ಯಾಕೆ ಬೇಕು? ತೊಡೆಮೂಳೆಯ ಕೆಳತುದಿ ಎರಡು ಗುಂಡು ಗೊಣಸುಗಳ ಹಾಗಿದೆ, ಹಿಂದುಗಡೆ ತ್ರಿಜ್ಯ ಕಡಿಮೆ, ಮುಂದುಗಡೆ ಜಾಸ್ತಿ. ಲೆಕ್ಕಕ್ಕೆ ಸುಲಭವಾಗಲಿ ಎಂದು ಎಲ್ಲಕ್ಕೂ 2.5 ಸೆಂಟಿಮೀಟರ್ ಎನ್ನೋಣ. ಗಾಡಿಯ ಚಕ್ರದ ಹಾಗೆ ಜಾರದೆ ಬರೇ ಉರುಳಿದರೆ, 120 ಡಿಗ್ರಿ ಮಡಿಸುವಷ್ಟರಲ್ಲಿ ಅದು ಎಷ್ಟು ದೂರ ಹೋಗುತ್ತದೆ? ಪರಿಧಿಯ ಮೂರನೇ ಒಂದು ಭಾಗ: 2 × 3.14 × 2.5 ÷ 3, ಸುಮಾರು 5.2 ಸೆಂಟಿಮೀಟರ್. ಟಿಬಿಯಾದ ಮೇಲ್ಭಾಗದ ಅಂಗಳ ಮುಂದಿನಿಂದ ಹಿಂದಕ್ಕೆ ಒಟ್ಟು ಇರುವುದೇ 5 ಸೆಂಟಿಮೀಟರ್ ಆಸುಪಾಸು! ಬರೇ ಉರುಳಿದರೆ ತೊಡೆಮೂಳೆ ಹಿಂದುಗಡೆಯಿಂದ ಕೆಳಗೆ ಬಿದ್ದೇ ಹೋಗಬೇಕು. ಸರಿ, ಕೆಸರಿನಲ್ಲಿ ಸಿಕ್ಕಿದ ಚಕ್ರದ ಹಾಗೆ ಇದ್ದಲ್ಲೇ ತಿರುಗಿ ಬರೇ ಜಾರಿದರೆ? ಆಗ ತೊಡೆಮೂಳೆ ಅಂಗಳದ ನಡುವೆಯೇ ನಿಲ್ಲುತ್ತದೆ, ಬೇಗನೆ ಅದರ ಹಿಂಬದಿ ಟಿಬಿಯಾದ ಹಿಂದಿನ ಅಂಚಿಗೆ ಬಡಿದು ಮಡಚುವುದು ಅರ್ಧದಲ್ಲೇ ನಿಂತುಹೋಗುತ್ತದೆ. ಪೂರ್ತಿ ಮಡಚಲು ಸ್ವಲ್ಪ ಹಿಂದಕ್ಕೆ ಉರುಳಬೇಕು, ಮಿಕ್ಕದ್ದು ಜಾರಬೇಕು.

ಎಷ್ಟು ಉರುಳಬೇಕು, ಎಷ್ಟು ಜಾರಬೇಕು ಎಂದು ಹೇಳುವವರು ಯಾರು? ಮುಖ್ಯವಾಗಿ ಎರಡು ಅಸ್ಥಿರಜ್ಜುಗಳು. ಕೀಲಿನ ನಟ್ಟನಡುವೆ ಕತ್ತರಿಯ ಹಾಗೆ ಒಂದನ್ನೊಂದು ದಾಟಿ ಹೋಗುತ್ತವೆ, ಅವನ್ನು ಕತ್ತರಿ ರಜ್ಜುಗಳು ಎನ್ನೋಣ. ಕಬಡ್ಡಿ, ಫುಟ್ಬಾಲ್ ಆಟಗಾರರಿಗೆ ಎಸಿಎಲ್ ಹರಿಯಿತು ಎಂದು ಪತ್ರಿಕೆಯಲ್ಲಿ ಓದುತ್ತೀರಲ್ಲ, ಅದು ಇವುಗಳಲ್ಲಿ ಮುಂದಿನದ್ದು.

ಇದನ್ನು ರಟ್ಟಿನಲ್ಲಿ ಮಾಡಿ ನೋಡಬಹುದು. ಮದುವೆ ಕಾಗದದ ದಪ್ಪ ರಟ್ಟು ಒಳ್ಳೆಯದು. ಒಂದು ದೊಡ್ಡ ತುಂಡು ಟಿಬಿಯಾ. ಅದರ ಮೇಲಂಚಿನ ಹತ್ತಿರ 9 ಸೆಂಟಿಮೀಟರ್ ದೂರದಲ್ಲಿ ಎರಡು ತೂತು. ಇನ್ನೊಂದು ತುಂಡು ತೊಡೆಮೂಳೆ. ಅದರ ಕೆಳಗೆ 5 ಸೆಂಟಿಮೀಟರ್ ದೂರದಲ್ಲಿ ಎರಡು ತೂತು. ಬಲಗಡೆ ಮೊಣಕಾಲಿನ ಮುಂಭಾಗ, ಎಡಗಡೆ ಹಿಂಭಾಗ ಎಂದು ಬರೆದುಕೊಳ್ಳಿ. ತೂತಿನಿಂದ ತೂತಿಗೆ 10 ಸೆಂಟಿಮೀಟರ್ ಇರುವ ಎರಡು ಪಟ್ಟಿ ಕತ್ತರಿಸಿ. ಒಂದು ಪಟ್ಟಿ ಟಿಬಿಯಾದ ಹಿಂದಿನ ತೂತಿನಿಂದ ತೊಡೆಯ ಮುಂದಿನ ತೂತಿಗೆ, ಇನ್ನೊಂದು ಟಿಬಿಯಾದ ಮುಂದಿನ ತೂತಿನಿಂದ ತೊಡೆಯ ಹಿಂದಿನ ತೂತಿಗೆ. ಪಿನ್ನು ಸಡಿಲವಾಗಿರಲಿ. ಟಿಬಿಯಾವನ್ನು ಮೇಜಿಗೆ ಒತ್ತಿಹಿಡಿದು ತೊಡೆಯನ್ನು ನಿಧಾನಕ್ಕೆ ಹಿಂದಕ್ಕೆ ತಿರುಗಿಸುತ್ತಾ ಹೋಗಿ. ಎರಡು ಪಟ್ಟಿಗಳು ಒಂದನ್ನೊಂದು ದಾಟುವ ಜಾಗವನ್ನು ಪ್ರತಿ ಸಲ ಪೆನ್ಸಿಲಿನಿಂದ ಗುರುತಿಸಿ.

ಆ ಗುರುತುಗಳು ಒಂದೇ ಕಡೆ ನಿಲ್ಲುವುದಿಲ್ಲ, ಹಿಂದಕ್ಕೆ ಹಿಂದಕ್ಕೆ ಸರಿಯುತ್ತವೆ. ಆ ದಾಟುವ ಬಿಂದುವೇ ಆ ಕ್ಷಣದಲ್ಲಿ ಮೊಣಕಾಲು ತಿರುಗುತ್ತಿರುವ ಕೇಂದ್ರ. ಬಾಗಿಲಿನ ಬಿಜಾಗರಿಗೆ ಒಂದೇ ಕೇಂದ್ರ, ಒಂದೇ ಸೂಜಿ. ಮೊಣಕಾಲಿನ ಕೇಂದ್ರ ಮಡಚಿದ ಹಾಗೆಲ್ಲ ಜಾಗ ಬದಲಿಸುತ್ತದೆ. ನಮ್ಮ ಒಂಬತ್ತನೆಯವರು ಇದನ್ನು ಮಾಡಿದಾಗ ಒಬ್ಬಳು, "ಟೀಚರ್, ಇದಕ್ಕೆ ಸೂಜಿ ಹಾಕುವುದು ಎಲ್ಲಿಗೆ?" ಎಂದು ಕೇಳಿದಳು. ಅದಕ್ಕಿಂತ ಚೆನ್ನಾಗಿ ಈ ಪಾಠವನ್ನು ನಾನು ಹೇಳಲಾರೆ.

ರಟ್ಟಿನ ಮಾದರಿಯಲ್ಲೂ ಕೊರತೆ ಇದೆ. ಅದು ಚಪ್ಪಟೆ, ನಿಜವಾದ ಮೊಣಕಾಲಿಗೆ ಒಳಬದಿ ಹೊರಬದಿ ಎಂದು ಎರಡಿದೆ. ಲಂಡನ್ನಿನ ಮೈಕೆಲ್ ಫ್ರೀಮನ್ ಮತ್ತು ಸಂಗಡಿಗರು ಎಮ್‌ಆರ್‌ಐ ಬಳಸಿ 2000ದ ಸುಮಾರಿಗೆ ತೋರಿಸಿದಂತೆ, ಮಡಚುವಾಗ ಒಳಬದಿಯ ಗೊಣಸು ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ, ಹೊರಬದಿಯದ್ದು ಹಿಂದಕ್ಕೆ ಹೋಗುತ್ತದೆ. ಒಂದು ಕಾಲೂರಿ ಮೈ ತಿರುಗಿಸಿದ ಹಾಗೆ. ಶುರುವಿನಲ್ಲಿ ಬೆರಳಿಗೆ ಸಿಕ್ಕ ಆ ತಿರುಚಾಟ ನೆನಪಿದೆಯಲ್ಲ, ಅದೂ ಇದಕ್ಕೆ ಸೇರಿದ್ದು.

ಸೂಜಿ ಹಾಕಿದವರ ಕತೆ

ಸೂಜಿ ಹಾಕಿ ನೋಡಿದವರು ಇದ್ದರು. 1890ರಲ್ಲಿ ಬರ್ಲಿನ್‌ನ ಥೆಮಿಸ್ಟೊಕ್ಲಿಸ್ ಗ್ಲುಕ್ ಎಂಬ ಶಸ್ತ್ರವೈದ್ಯ ಆನೆದಂತದಲ್ಲಿ ಬಿಜಾಗರಿ ಕೆತ್ತಿಸಿ ಕ್ಷಯದಿಂದ ಹಾಳಾದ ಮೊಣಕಾಲಿಗೆ ಹಾಕಿದ. ಸೋಂಕು ಹರಡಿ ಅವು ಉಳಿಯಲಿಲ್ಲ. 1951ರಲ್ಲಿ ಸ್ವೀಡನ್ನಿನ ಬೋರ್ಯೆ ವಾಲ್ಡಿಯಸ್ ಮೊದಲು ಅಕ್ರಿಲಿಕ್ಕಿನಲ್ಲಿ, ಆಮೇಲೆ ಕೋಬಾಲ್ಟ್-ಕ್ರೋಮಿಯಂ ಲೋಹದಲ್ಲಿ ಬಿಜಾಗರಿ ಮೊಣಕಾಲು ಮಾಡಿದ. ಎರಡೂ ಮೂಳೆಗಳ ಒಳಗೆ ಉದ್ದ ಕಂಬಿ, ನಡುವೆ ಸೂಜಿ. ನೋವಿನಿಂದ ಮೂಲೆ ಸೇರಿದ್ದವರು ಎದ್ದು ನಡೆದರು. ಅದನ್ನು ಸಣ್ಣದು ಮಾಡಬಾರದು. ಆದರೆ ಈ ಜಾತಿಯ ಮೊಣಕಾಲುಗಳಲ್ಲಿ ಮತ್ತೆ ಮತ್ತೆ ಕಂಡ ತೊಂದರೆ ಎಂದರೆ ಸಡಿಲವಾಗುವುದು.

ಯಾಕೆ ಸಡಿಲ? ಪ್ರತಿ ಹೆಜ್ಜೆಯಲ್ಲೂ ಕೆಳಗಾಲು ಸ್ವಲ್ಪ ತಿರುಚಿಕೊಳ್ಳಲು ನೋಡುತ್ತದೆ. ನಿಜವಾದ ಮೊಣಕಾಲಿನಲ್ಲಿ ಅದಕ್ಕೆ ಎಡೆ ಇದೆ, ಮಿತಿಮೀರಿದಾಗ ರಜ್ಜುಗಳು ಬಿಗಿಯಾಗಿ ಆ ಬಲವನ್ನು ಹೀರಿಕೊಳ್ಳುತ್ತವೆ. ಬಿಜಾಗರಿಯಲ್ಲಿ ಎಡೆಯೇ ಇಲ್ಲ, ರಜ್ಜುಗಳೂ ಉಳಿದಿಲ್ಲ. ತಿರುಚುವ ಬಲವೆಲ್ಲ ಲೋಹದ ಮೂಲಕ ನೇರವಾಗಿ ಮೂಳೆಗೆ ಅದನ್ನು ಅಂಟಿಸಿದ ಜಾಗಕ್ಕೆ ಹೋಗುತ್ತದೆ. ದಿನಕ್ಕೆ ಸಾವಿರಾರು ಹೆಜ್ಜೆ, ವರ್ಷಕ್ಕೆ ಲಕ್ಷಗಟ್ಟಲೆ. ಮಳೆಗಾಲದಲ್ಲಿ ಉಬ್ಬಿದ ಬಾಗಿಲನ್ನು ದಿನಾ ಒದ್ದು ಮುಚ್ಚುವ ಮನೆಯಲ್ಲಿ ಏನಾಗುತ್ತದೆ? ಬಿಜಾಗರಿ ಮುರಿಯುವುದಿಲ್ಲ, ದಾರಂದದ ಮರದಿಂದ ಸ್ಕ್ರೂ ಸಡಿಲಾಗುತ್ತದೆ. ಅದೇ ಆದದ್ದು.

ದಾರಿ ಬದಲಿಸಿದವರು ಕೆನಡಾದ ಫ್ರಾಂಕ್ ಗನ್‌ಸ್ಟನ್. 1960ರ ದಶಕದ ಕೊನೆಗೆ ಇಂಗ್ಲೆಂಡಿನ ರೈಟಿಂಗ್ಟನ್ ಆಸ್ಪತ್ರೆಯಲ್ಲಿ, ಸೊಂಟದ ಕೀಲು ಬದಲಿಸುವುದರಲ್ಲಿ ಹೆಸರಾದ ಜಾನ್ ಚಾರ್ನ್ಲಿಯವರ ಹತ್ತಿರ ಕೆಲಸ ಮಾಡುತ್ತಿದ್ದಾಗ ಅವರು ಸೂಜಿಯನ್ನೇ ಕೈಬಿಟ್ಟರು. ತೊಡೆಮೂಳೆಯ ಎರಡು ಗೊಣಸುಗಳಿಗೆ ಅರ್ಧಚಂದ್ರದ ಎರಡು ಲೋಹದ ಬಿಲ್ಲೆ, ಟಿಬಿಯಾದ ಮೇಲೆ ಎರಡು ಪ್ಲಾಸ್ಟಿಕ್ ಹಳಿ, ಅಂಟಿಸಲು ಚಾರ್ನ್ಲಿ ಬಳಸುತ್ತಿದ್ದ ಅಕ್ರಿಲಿಕ್ ಸಿಮೆಂಟು. ಮೇಲಿನದಕ್ಕೂ ಕೆಳಗಿನದಕ್ಕೂ ಯಾವ ಜೋಡಣೆಯೂ ಇಲ್ಲ! ಅವೆರಡನ್ನೂ ಹಿಡಿದಿಡುವ ಕೆಲಸವನ್ನು ರೋಗಿಯ ಸ್ವಂತ ರಜ್ಜುಗಳಿಗೇ ಬಿಟ್ಟರು. 1971ರಲ್ಲಿ ಅವರು ಬರೆದ ಪ್ರಬಂಧದ ಹೆಸರಿನಲ್ಲೇ 'ಬಹುಕೇಂದ್ರ' ಎಂಬ ಮಾತಿದೆ. ನನ್ನ ಮಟ್ಟಿಗೆ ಈ ಇಡೀ ಕತೆಯಲ್ಲಿ ದೊಡ್ಡ ಹೆಜ್ಜೆ ಇದೇ.

1974ರಲ್ಲಿ ನ್ಯೂಯಾರ್ಕಿನಲ್ಲಿ ಜಾನ್ ಇನ್ಸಾಲ್, ಭಾರತದಲ್ಲಿ ಹುಟ್ಟಿದ ಚಿತ್ತರಂಜನ್ ರಾಣಾವತ್, ಎಂಜಿನಿಯರ್ ಪೀಟರ್ ವಾಕರ್ ಸೇರಿ ಇನ್ನೊಂದನ್ನು ತಂದರು. ಇಡೀ ತೊಡೆಮೂಳೆಯ ತುದಿಗೆ ಟೊಪ್ಪಿಯಂಥ ಒಂದೇ ಲೋಹ, ಚಿಪ್ಪಿಗೆ ತೋಡು, ಕೆಳಗೆ ಬಟ್ಟಲಿನಂತೆ ತಗ್ಗಾದ ಪ್ಲಾಸ್ಟಿಕ್. ಅಮ್ಮನ ಕೈಯಲ್ಲಿದ್ದ ಮಾದರಿ ಇದರ ಮೊಮ್ಮಗಳು ಎನ್ನಬಹುದು. ಇದು ಬಹಳ ವರ್ಷ ಬಾಳಿತು. ಆದರೆ ಇದರಲ್ಲಿ ಕತ್ತರಿ ರಜ್ಜುಗಳೆರಡನ್ನೂ ತೆಗೆಯುತ್ತಿದ್ದರು. ಹಾಗಾದರೆ ಹಿಂದಕ್ಕೆ ಉರುಳಿಸುವವರು ಯಾರು? ಯಾರೂ ಇಲ್ಲ. ತೊಡೆಮೂಳೆ ಬಟ್ಟಲಿನ ನಡುವೆಯೇ ಕೂತು, ಸುಮಾರು 90 ಡಿಗ್ರಿಗೆ ಹಿಂದೆ ಬಡಿದು ನಿಲ್ಲುತ್ತಿತ್ತು. ಬರೇ ಜಾರಿದರೆ ಏನಾಗುತ್ತದೆ ಎಂದು ಮೇಲೆ ನೋಡಿದೆವಲ್ಲ, ಅದೇ.

ನಾಲ್ಕು ವರ್ಷದ ಮೇಲೆ, 1978ರಲ್ಲಿ, ಇನ್ಸಾಲ್ ಮತ್ತು ಎಂಜಿನಿಯರ್ ಆಲ್ಬರ್ಟ್ ಬರ್ಸ್ಟೀನ್ ಒಂದು ಉಪಾಯ ಮಾಡಿದರು. ಪ್ಲಾಸ್ಟಿಕ್ ತಟ್ಟೆಯ ನಡುವೆ ಒಂದು ಗೂಟ. ಮೇಲಿನ ಲೋಹದಲ್ಲಿ ಹಿಂದುಗಡೆ ಒಂದು ಅಡ್ಡಪಟ್ಟಿ. ಮೊಣಕಾಲು ಸಾಕಷ್ಟು ಮಡಚಿದಾಗ ಅಡ್ಡಪಟ್ಟಿ ಗೂಟಕ್ಕೆ ತಾಗುತ್ತದೆ, ಅಲ್ಲಿಂದ ಮುಂದೆ ಗೂಟ ತೊಡೆಮೂಳೆಯನ್ನು ಹಿಂದಕ್ಕೆ ತಳ್ಳುತ್ತಾ ಹೋಗುತ್ತದೆ. ತೆಗೆದುಹಾಕಿದ ಹಿಂದಿನ ಕತ್ತರಿ ರಜ್ಜುವಿನ ಕೆಲಸವನ್ನು ಒಂದು ಪ್ಲಾಸ್ಟಿಕ್ ಗೂಟ ಮಾಡಿತು. ಮಡಚುವಿಕೆ 110, 115 ಡಿಗ್ರಿಗೆ ಏರಿತು. ಹಿಂದಿನ ರಜ್ಜುವನ್ನು ಉಳಿಸಿಕೊಂಡೇ ಮಾಡುವ ವಿನ್ಯಾಸಗಳೂ ಇವೆ. ಯಾವುದು ಮೇಲು ಎಂಬ ಚರ್ಚೆ ಇಂದಿಗೂ ವೈದ್ಯರಲ್ಲಿ ಮುಗಿದಿಲ್ಲ, ಎರಡರಲ್ಲೂ ರೋಗಿಗಳು ಚೆನ್ನಾಗಿ ನಡೆಯುತ್ತಿದ್ದಾರೆ.

ಬಟ್ಟಲೋ, ಹಲಗೆಯೋ

ಇನ್ನು ಪ್ಲಾಸ್ಟಿಕ್ಕಿನ ಸಂಕಟ. ಅದು ಪಾಲಿಎಥಿಲೀನ್, ನೀವು ಸಾಮಾನು ತರುವ ಚೀಲದ ಕುಟುಂಬದ್ದೇ, ಆದರೆ ಅಣುಸರಪಳಿ ಬಹಳ ಬಹಳ ಉದ್ದ. ಗಟ್ಟಿ, ನುಣುಪು. ಅದು ಹೊರುವ ಒತ್ತಡಕ್ಕೆ ಮಾತ್ರ ಮಿತಿ ಇದೆ. 20 ಮೆಗಾಪಾಸ್ಕಲ್ ಆಸುಪಾಸಿನಲ್ಲಿ ಶಾಶ್ವತವಾಗಿ ಒಳಸರಿಯಲು ಶುರುವಾಗುತ್ತದೆ.

ಮೆಟ್ಟಿಲು ಇಳಿಯುವಾಗ 2000 ನ್ಯೂಟನ್ ಬಿತ್ತು ಎನ್ನಿ. ಗುಂಡು ಲೋಹ ಚಪ್ಪಟೆ ಹಲಗೆಯ ಮೇಲೆ ಕೂತರೆ ತಾಗುವ ಜಾಗ ಕಡಿಮೆ. ಒಂದು ಚದರ ಸೆಂಟಿಮೀಟರ್ ಎಂದಾದರೆ ಒತ್ತಡ 20 ಮೆಗಾಪಾಸ್ಕಲ್, ಸರಿಯಾಗಿ ಅಪಾಯದ ಗೆರೆಯಲ್ಲಿ. ಅದೇ ಲೋಹ ತನ್ನ ಆಕಾರಕ್ಕೆ ಹೊಂದುವ ಬಟ್ಟಲಿನಲ್ಲಿ ಕೂತು 4 ಚದರ ಸೆಂಟಿಮೀಟರ್ ತಾಗಿದರೆ 5 ಮೆಗಾಪಾಸ್ಕಲ್. ಹಾಗಾದರೆ ಬಟ್ಟಲೇ ಮಾಡಿದರಾಯಿತಲ್ಲ? ಆಗುವುದಿಲ್ಲ. ಅರೆಯುವ ಕಲ್ಲಿನ ಗುಂಡಿಯಲ್ಲಿ ಕೂತ ಗುಂಡನ್ನು ನೋಡಿ, ಅದು ಆಚೀಚೆ ಸರಿಯಲಾರದು. ಬಟ್ಟಲು ಆಳವಾದಷ್ಟೂ ಉರುಳಾಟ, ತಿರುಚಾಟಕ್ಕೆ ಎಡೆ ಇಲ್ಲ, ಆ ಬಲ ಮತ್ತೆ ಅಂಟಿನ ಜಾಗಕ್ಕೇ ಹೋಗುತ್ತದೆ. ಬಟ್ಟಲು ಮಾಡಿದರೆ ಸಡಿಲ, ಹಲಗೆ ಮಾಡಿದರೆ ಸವೆತ. ಸವೆದ ಪ್ಲಾಸ್ಟಿಕ್ಕಿನ ಪುಡಿ ಸುಮ್ಮನಿರುವುದೂ ಇಲ್ಲ, ದೇಹದ ಜೀವಕೋಶಗಳನ್ನು ಕೆರಳಿಸಿ ಸುತ್ತಲಿನ ಮೂಳೆಯನ್ನೇ ಕರಗಿಸುತ್ತದೆ.

ನಮ್ಮ ಸಹಜ ಮೊಣಕಾಲು ಇದನ್ನು ಹೇಗೆ ಬಿಡಿಸಿಕೊಂಡಿದೆ? ಗುಂಡು ಮೂಳೆ ಮತ್ತು ಚಪ್ಪಟೆ ಮೂಳೆಯ ನಡುವೆ ಮೆನಿಸ್ಕಸ್ ಎಂಬ ಎರಡು ಅರ್ಧಚಂದ್ರದ ಮೆತ್ತೆಗಳಿವೆ. ಅವು ಬಟ್ಟಲಿನ ಹಾಗೆ ಹೊಂದಿಕೊಳ್ಳುತ್ತವೆ, ಮಡಚಿದಾಗ ಮೂಳೆಯ ಜೊತೆಗೇ ಹಿಂದಕ್ಕೆ ಸರಿಯುತ್ತವೆ. ಚಲಿಸುವ ಬಟ್ಟಲು! 1970ರ ದಶಕದಲ್ಲಿ ಆಕ್ಸ್‌ಫರ್ಡಿನ ಶಸ್ತ್ರವೈದ್ಯ ಜಾನ್ ಗುಡ್‌ಫೆಲೋ ಮತ್ತು ಎಂಜಿನಿಯರ್ ಜಾನ್ ಓಕಾನರ್ ಇದನ್ನೇ ಅನುಕರಿಸಿದರು. ಕೆಳಗೆ ಚಪ್ಪಟೆ ಲೋಹ, ಮೇಲೆ ಗುಂಡು ಲೋಹ, ನಡುವೆ ಎಲ್ಲಿಗೂ ಅಂಟದ, ಮೇಲ್ಗಡೆ ಬಟ್ಟಲಾಗಿಯೂ ಕೆಳಗಡೆ ಚಪ್ಪಟೆಯಾಗಿಯೂ ಇರುವ ಪ್ಲಾಸ್ಟಿಕ್ ಮೆತ್ತೆ. ಅದು ಜಾರಿ ಹೊರಬೀಳದಂತೆ ಕಾಯುವುದು ರೋಗಿಯ ರಜ್ಜುಗಳೇ. ಹಾಗಾಗಿ ರಜ್ಜು ಗಟ್ಟಿ ಇರುವವರಿಗೆ, ಕೀಲಿನ ಒಂದು ಬದಿ ಮಾತ್ರ ಸವೆದವರಿಗೆ ಇದು ಹೆಚ್ಚು ಬಳಕೆಗೆ ಬಂತು.

ಅಮ್ಮನ ಕಾಲು ಬಿಲ್ಲಾದದ್ದು ಯಾಕೆ ಎನ್ನುವುದನ್ನು ಬೇಗ ಹೇಳಿಬಿಡುತ್ತೇನೆ. ಸೊಂಟದ ಗೋಲದ ನಡುವಿನಿಂದ ಹರಡಿನ ನಡುವಿಗೆ ಗೆರೆ ಎಳೆದರೆ ಅದು ಮೊಣಕಾಲಿನ ನಡುವಿನಿಂದಲೇ ಹೋಗಬೇಕು. ಹಾಗಿದ್ದರೂ ನಡೆಯುವಾಗ ಭಾರದ ಹೆಚ್ಚಿನ ಪಾಲು ಒಳಬದಿಗೇ ಬೀಳುತ್ತದೆ. ಒಳಬದಿ ಸವೆದಷ್ಟೂ ಕಾಲು ಬಾಗುತ್ತದೆ, ಬಾಗಿದಷ್ಟೂ ಗೆರೆ ಇನ್ನೂ ಒಳಕ್ಕೆ ಸರಿದು ಸವೆತ ಹೆಚ್ಚುತ್ತದೆ. ಮೊಣಕಾಲು ಬದಲಿಸುವಾಗ ಮೂಳೆಯನ್ನು ಅಳೆದು ಕತ್ತರಿಸಿ ಈ ಗೆರೆಯನ್ನು ಮತ್ತೆ ನಡುವಿಗೆ ತರುತ್ತಾರೆ. ಆಪರೇಶನ್ ಆದ ಮೇಲೆ ಅಮ್ಮ ಎದ್ದು ನಿಂತಾಗ ಒಂದು ಕಾಲು ನೆಟ್ಟಗೆ, ಇನ್ನೊಂದು ಬಿಲ್ಲು!

ಮಣೆಯ ಲೆಕ್ಕ

ನಾಲ್ಕು ತಿಂಗಳಾದ ಮೇಲೆ ಕಪ್ಪುಹಲಗೆಯ ದೊಡ್ಡ ಕೋನಮಾಪಕವನ್ನು ಶಾಲೆಯಿಂದ ಮನೆಗೆ ತಂದು ಅಮ್ಮನ ಮೊಣಕಾಲು ಅಳೆದೆ. 110 ಡಿಗ್ರಿ. ಡಾಕ್ಟರು ಹೇಳಿದ ಹಾಗೇ. ಅಡಿಕೆ ಸುಲಿಯುವ ಕಾಲ ಬಂದಿತ್ತು, ಅಮ್ಮ ಅಂಗಳದ ಕಡೆ ನೋಡುತ್ತಾ ಕೂತಿರುತ್ತಿದ್ದರು. ಇಲ್ಲೂ ಒಂದು ಲೆಕ್ಕ ಹಾಕಿದೆವು, ನನ್ನ ಹತ್ತನೆಯವರೂ ಸೇರಿದರು.

ಕೆಳಗಾಲು ನೆಟ್ಟಗೆ ನಿಂತಿದೆ, ಅದರ ಉದ್ದ 40 ಸೆಂಟಿಮೀಟರ್, ತೊಡೆಯ ಉದ್ದವೂ 40 ಎನ್ನಿ. ಆಸನ 40 ಎತ್ತರ ಇದ್ದರೆ ತೊಡೆ ಅಡ್ಡಕ್ಕೆ ಸಮ, ಮಡಚುವಿಕೆ 90 ಡಿಗ್ರಿ. ಆಸನ 20 ಆದರೆ ಸೊಂಟ ಮೊಣಕಾಲಿಗಿಂತ 20 ಕೆಳಗೆ, ಸೈನ್ ಬೆಲೆ 20/40, ಅರ್ಧ, ಕೋನ 30, ಒಟ್ಟು 120. ಅಮ್ಮನಿಗೆ ಆಗದು. ಮನೆಯ ಹಳೆ ಮಣೆ 10 ಸೆಂಟಿಮೀಟರ್ ಎತ್ತರದ್ದು: ಸೈನ್ 30/40, ಕೋನ 48 ಮೇಲೆ, ಒಟ್ಟು 138 ಡಿಗ್ರಿಗಿಂತ ಹೆಚ್ಚು. ಅಷ್ಟು ವರ್ಷ ಅಮ್ಮ ಕೂತದ್ದು ಹಾಗೆ. ಆಸನ 30 ಆದರೆ? ಸೈನ್ 10/40, ಕೋನ ಹದಿನಾಲ್ಕೂವರೆ, ಒಟ್ಟು 104 ಚಿಲ್ಲರೆ. 110ಕ್ಕೆ ಐದು ಡಿಗ್ರಿ ಎಡೆ ಉಳಿಯಿತು.

ಆಚಾರಿಯವರಿಗೆ ಹೇಳಿ ಹಲಸಿನ ಮರದಲ್ಲಿ 30 ಸೆಂಟಿಮೀಟರ್ ಎತ್ತರದ ಮಣೆ ಮಾಡಿಸಿದೆವು. ಸುಲಿಯುವ ಕತ್ತಿಯನ್ನೂ ಅದಕ್ಕೆ ಸರಿಯಾಗಿ ಒಂದು ದಿಮ್ಮಿಯ ಮೇಲೆ ಎತ್ತರಿಸಿದರು. ಅಮ್ಮ ಮೊದಲ ದಿನ ಕೂತು ನಾಲ್ಕು ಅಡಿಕೆ ಸುಲಿದು, "ಇದು ಮಣೆಯಲ್ಲ, ಮೇಜು" ಅಂದರು. ಮರುದಿನ ಬೆಳಗ್ಗೆ ನಾನು ಶಾಲೆಗೆ ಹೊರಡುವಾಗ ಪಕ್ಕದಲ್ಲಿ ಸಿಪ್ಪೆಯ ರಾಶಿ ಆಗಲೇ ಬಿದ್ದಿತ್ತು. ನಿಮ್ಮ ಮನೆಯಲ್ಲೂ ಮೊಣಕಾಲು ನೋಯುವ ಅಜ್ಜಿಯೋ ಅಜ್ಜನೋ ಇದ್ದರೆ, ಅವರ ಕೆಳಗಾಲು, ತೊಡೆ ಅಳೆದು, ಅವರಿಗೆ ನೋವಿಲ್ಲದೆ ಎಷ್ಟು ಮಡಚಲು ಆಗುತ್ತದೆ ನೋಡಿ, ಮಣೆಯ ಎತ್ತರ ಎಷ್ಟಿರಬೇಕು ಎಂದು ಲೆಕ್ಕ ಹಾಕಿ. ಸೈನ್ ಇನ್ನೂ ಕಲಿಯದವರು ಗ್ರಾಫ್ ಕಾಗದದಲ್ಲಿ ಚಿತ್ರ ಬರೆದು ಕೋನಮಾಪಕ ಇಟ್ಟರೆ ಸಾಕು.